ಸಾರಿಗಾಗದ ಮೀನು

ಅತ್ತೆಯ ಬಲಗೈ ಮೊಣಕೈಯಿಂದ ಕೆಳಗೆ ಎಡಗೈಗಿಂತ ಬಿಳಿಚಿಕೊಂಡಿತ್ತು. ಬೆರಳ ತುದಿಗಳು ಸದಾ ನೀರಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಪಾಚಿಯ ಹಸಿರು ಗೆರೆ ಇರುತ್ತಿತ್ತು. ಮಣಿಕಟ್ಟಿನ ಹತ್ತಿರ ಒಂದು ಕಪ್ಪು ಮಚ್ಚೆ. ಗಾಜಿನ ಟ್ಯಾಂಕಿನೊಳಗೆ ಅವರು ಕೈ ಇಳಿಸಿದರೆ ಏಂಜಲ್ ಮೀನುಗಳು ಆ ಮಚ್ಚೆಯನ್ನು ಹುಳವೆಂದು ತಿಳಿದು ಬಂದು ಕುಟುಕುತ್ತಿದ್ದವು. "ಅದು ನಂದು ಮಾರಾಯ, ಬಿಡು" ಎಂದು ಅತ್ತೆ ಮೀನಿಗೆ ಹೇಳುತ್ತಿದ್ದರು. ಮೀನು ಬಿಡುತ್ತಿರಲಿಲ್ಲ. ಅವರೂ ಕೈ ತೆಗೆಯುತ್ತಿರಲಿಲ್ಲ.

ನಾನು ಮದುವೆಯಾಗಿ ಕೊಪ್ಪಕ್ಕೆ ಬಂದಾಗ ಇದೇ ಅತ್ತೆ ಆ ಮೀನುಗಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅವರು ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯವರು. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನನ್ನು ಕತ್ತಿಯಲ್ಲಿ ಕಡಿದು ಹಿಡಿದು ಬೆಳೆದವರು. ವಾಟೆಹುಳಿ ಹಾಕಿ ಅವರು ಮಾಡುವ ಸಾರಿನ ರುಚಿ ನಮ್ಮ ಕೇರಿಗೇ ಗೊತ್ತಿತ್ತು. ಅವರ ಒಬ್ಬನೇ ಮಗ, ನನ್ನ ಗಂಡ, ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಅದೇನು ಮರುಳೋ, ಶಿವಮೊಗ್ಗದಿಂದ ಒಂದು ಫೈಟರ್ ಮೀನನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತಂದವನು ಬರಬರುತ್ತಾ ಕಾರಿಲ್ಲದ ನಮ್ಮ ಕಾರ್ ಶೆಡ್ಡಿನ ತುಂಬ ಟ್ಯಾಂಕುಗಳನ್ನು ಜೋಡಿಸಿದ. ಗಪ್ಪಿ, ಮೋಲಿ, ಫೈಟರ್, ಏಂಜಲ್. ಮರಿ ಮಾಡಿಸಿ, ಬೆಳೆಸಿ, ಶಿವಮೊಗ್ಗದ ಒಂದು ಅಂಗಡಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದ.

"ಸಾರಿಗಾಗಲ್ಲ, ಹುರಿಯಕ್ಕಾಗಲ್ಲ. ಇದಕ್ಕೆ ಕರೆಂಟ್ ಬೇರೆ ಕೇಡು" ಎನ್ನುತ್ತಿದ್ದರು ಅತ್ತೆ.

"ಅಮ್ಮಾ, ನೋಡಕ್ಕೆ ಕಣೇ ಇದು" ಎಂದು ಅವನು ನಗುತ್ತಿದ್ದ.

"ನೋಡಕ್ಕೆ ಟೀವಿ ಇಲ್ವಾ ಮನೇಲಿ?"

ಅವನು ಸತ್ತ ದಿನ ನಾನು ಕೊಪ್ಪದಲ್ಲಿರಲಿಲ್ಲ. ನನ್ನ ತಾಯಿಗೆ ಜ್ವರವೆಂದು ಎರಡು ದಿನ ಮೊದಲು ಕೆರೆಕಟ್ಟೆಯ ತವರಿಗೆ ಹೋಗಿದ್ದೆ. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಬೆಳಿಗ್ಗೆ ಶಿವಮೊಗ್ಗದ ಬಸ್ಸಿಗೆ ಮೀನಿನ ಚೀಲಗಳನ್ನು ಹತ್ತಿಸುತ್ತಿದ್ದಾಗ ಬಸ್ ಸ್ಟ್ಯಾಂಡಿನಲ್ಲಿಯೇ ಕುಸಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಜೀಪು ಮಾಡಿಕೊಂಡು ಬಂದು ನನ್ನನ್ನು ಕರೆದೊಯ್ದರು. ನಾನು ಆಸ್ಪತ್ರೆಗೆ ಹೋದಾಗ ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಅವನು ಬಿದ್ದಾಗ ಜನರ ನಡುವೆ ನುಗ್ಗಿ ಬಂದು ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡವರು ಅವರೇ ಎಂದು ಯಾರೋ ಹೇಳಿದರು. ಮನೆ ಬಸ್ ಸ್ಟ್ಯಾಂಡಿನ ಹಿಂದೆಯೇ ಇರುವುದರಿಂದ ಓಡಿ ಬಂದಿರಬೇಕು ಎಂದುಕೊಂಡೆ.

ಅತ್ತೆ ಅವನ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದು ಹೊಡೆದುಕೊಂಡಿತು. ಶಿವಮೊಗ್ಗದ ಅಂಗಡಿಯವರು. "ಮೀನು ಬಂತು. ಒಂದೂ ಸತ್ತಿಲ್ಲ" ಎಂದರು.

"ಆಯ್ತು" ಎಂದೆ. ಫೋನ್ ಇಟ್ಟೆ.

ಅವತ್ತೂ ನನಗೆ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಬಂದವರು ನನ್ನ ಮುಖ ನೋಡಿ, "ಅಳಿಸ್ರೇ ಅವಳನ್ನ, ಹಿಂಗೇ ಬಿಟ್ರೆ ತಲೆ ಕೆಡ್ತದೆ" ಎನ್ನುತ್ತಿದ್ದರು. ಒಬ್ಬಾಕೆ ನನ್ನ ಭುಜ ಹಿಡಿದು ಅಲುಗಾಡಿಸಿದರು. ಅತ್ತೆ ಅವರ ಕೈ ಬಿಡಿಸಿ, "ಬಿಡಿ. ಅವಳಿಗೆ ಬಂದಾಗ ಅಳ್ತಾಳೆ. ನಿಮಗೆ ಬೇಕಾದಾಗ ಅಳಕ್ಕೆ ಅವಳೇನು ನಲ್ಲಿಯಾ?" ಎಂದರು. ಅತ್ತೆಯೂ ಅತ್ತಿದ್ದನ್ನು ನಾನು ಕಾಣಲಿಲ್ಲ.

ಆ ಗಲಾಟೆಯಲ್ಲಿ ಶೆಡ್ಡಿನ ಕಡೆ ಯಾರೂ ಹೋಗಲಿಲ್ಲ. ಗಾಳಿ ಬಿಡುವ ಮೋಟಾರು ಮಾತ್ರ ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು. ಹನ್ನೊಂದರ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಲ್ಲಿಂದ ವಾಸನೆ ಬಂತು. ಹೊಳೆಗೆ ಬಿಟ್ಟುಬಿಡಿ ಎಂದು ಪಕ್ಕದ ಮನೆಯವರು ಹೇಳಿದರು. ಅತ್ತೆ ಒಪ್ಪಲಿಲ್ಲ. "ಹೊಳೇಲಿ ಇವು ಎಂತ ಮಾಡ್ತಾವೆ? ಹಿಡ್ದು ತಿನ್ನಕ್ಕೂ ಬರಲ್ಲ, ತಪ್ಪಿಸ್ಕೊಳ್ಳಕ್ಕೂ ಬರಲ್ಲ." ಸೀರೆ ಎತ್ತಿ ಕಟ್ಟಿ ಶೆಡ್ಡಿಗೆ ಹೋದರು. ಸತ್ತವನ್ನು ಬಕೆಟ್ಟಿಗೆ ಹಾಕಿದರು. ಒಂದು ದೊಡ್ಡ ಟ್ಯಾಂಕಿನ ನೀರನ್ನೆಲ್ಲ ಚೆಲ್ಲಿ, ಉಳಿದ ಮೀನಿಗೆ ನಲ್ಲಿಯಿಂದ ನೇರ ನೀರು ತುಂಬಿಸಿದರು. ಸಂಜೆಯೊಳಗೆ ಅವೂ ಹೊಟ್ಟೆ ಮೇಲೆ ಮಾಡಿ ತೇಲಿದವು.

ಅತ್ತೆ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ನನ್ನನ್ನು ಕರೆದರು. "ಕೊಳೆ ತೆಗೆದೆ. ಚಂದ ನೀರು ಹಾಕ್ದೆ. ಯಾಕೆ ಸತ್ವು? ಅವನು ಎಂತ ಮಾಡ್ತಿದ್ದ, ನಿಂಗೆ ಗೊತ್ತನಾ?"

"ನಲ್ಲಿ ನೀರಿಗೆ ಬ್ಲೀಚಿಂಗ್ ಹಾಕಿರ್ತಾರೆ. ಡ್ರಮ್ಮಲ್ಲಿ ಒಂದಿನ ಇಟ್ಟು ಹಾಕ್ಬೇಕು" ಎಂದೆ.

ಅಷ್ಟು ದಿನಗಳಲ್ಲಿ ನಾನು ಆಡಿದ ಮೊದಲ ಪೂರ್ತಿ ಮಾತು ಅದು. ಅತ್ತೆ ನನ್ನನ್ನೇ ನೋಡಿದರು. "ಮತ್ತೆ?" ಎಂದರು. ಗೊತ್ತಿದ್ದಷ್ಟು ಹೇಳಿದೆ. ಗೊತ್ತಿಲ್ಲದ್ದಕ್ಕೆ ಅವನ ಮೊಬೈಲಿನಿಂದ ಶಿವಮೊಗ್ಗದ ಅಂಗಡಿಯವರಿಗೆ ಫೋನ್ ಹಚ್ಚಿಕೊಟ್ಟೆ.

ಆಮೇಲೆ ದಿನವೂ ಆ ಫೋನು. ನಾನು ತಾಲ್ಲೂಕು ಆಫೀಸಿನ ಎದುರಿನ ಜೆರಾಕ್ಸ್ ಅಂಗಡಿಯ ಕೆಲಸಕ್ಕೆ ಮರಳಿ ಹೋಗತೊಡಗಿದ್ದೆ. ಸಂಜೆ ಬರುವಾಗ ಗೇಟಿನಿಂದಲೇ ಅತ್ತೆಯ ಗಂಟಲು ಕೇಳುತ್ತಿತ್ತು. "ಸಾಬ್ರೆ, ಗಪ್ಪಿ ಮರಿ ಹಾಕದೆ ಸುಮ್ನೆ ಹೊಟ್ಟೆ ಬಿಟ್ಕೊಂಡು ತಿರುಗ್ತಾ ಇದೆ. ಎಂತ ಮಾಡದು?" ಅವರು ಅತ್ತಲಿಂದ, "ಅಮ್ಮಾ, ಬೇರೆ ಡಬ್ಬಕ್ಕೆ ಹಾಕಿ, ಸೊಪ್ಪು ಹಾಕಿ, ಇಣುಕಿ ನೋಡ್ಬೇಡಿ" ಎನ್ನುತ್ತಿದ್ದರು. ಅತ್ತೆ ಇಣುಕಿ ನೋಡದೇ ಇರುವವರಲ್ಲ.

ಮರಿಗಳಿಗೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಂಡುವುದನ್ನು ಕಲಿತರು. ದೊಡ್ಡವಕ್ಕೆ ಹುಳ ಬೇಕೆಂದು ಹಿತ್ತಲಲ್ಲಿ ಹಳೆಯ ಬೋಗುಣಿಗಳಲ್ಲಿ ನೀರು ನಿಲ್ಲಿಸಿ ಸೊಳ್ಳೆಮರಿ ಬೆಳೆಸಿದರು. ಡೆಂಗ್ಯೂ ಸರ್ವೆಗೆಂದು ಬಂದ ಆಶಾ ಕಾರ್ಯಕರ್ತೆ ಅದನ್ನು ಕಂಡು ಹೌಹಾರಿದಳು. "ಎಂತ ಅಮ್ಮಾ ಇದು! ನಾವು ಊರಲ್ಲೆಲ್ಲ ಚೆಲ್ಲಿಸ್ತಾ ಇದ್ರೆ ನೀವು ಸಾಕ್ತಾ ಇದ್ದೀರಲ್ಲ!"

"ಸೊಳ್ಳೆ ಆಗಕ್ಕೆ ಬಿಟ್ರೆ ತಾನೆ ಮಾರಾಯ್ತಿ?" ಎಂದ ಅತ್ತೆ, ಜರಡಿಯಲ್ಲಿ ಹುಳ ಸೋಸಿ ಅವಳೆದುರೇ ಟ್ಯಾಂಕಿಗೆ ಸುರಿದರು. ಒಂದು ಚಣದಲ್ಲಿ ಒಂದೂ ಉಳಿಯಲಿಲ್ಲ. ಆ ವರ್ಷ ನಮ್ಮ ವಾರ್ಡಿನ ಸಿಮೆಂಟ್ ತೊಟ್ಟಿಗಳಿಗೆಲ್ಲ ಆಶಾ ಕಾರ್ಯಕರ್ತೆ ಬಿಟ್ಟದ್ದು ಅತ್ತೆಯ ಗಪ್ಪಿಗಳನ್ನೇ.

ಏಂಜಲ್ ಮೀನು ಮಾತ್ರ ಅತ್ತೆಯ ಮಾತು ಕೇಳಲಿಲ್ಲ. ಒಂದು ಜೋಡಿ ಇತ್ತು. ನಿಲ್ಲಿಸಿಟ್ಟ ಪೈಪಿನ ತುಂಡಿಗೆ ರಾಗಿಗಿಂತ ಸಣ್ಣ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತಿತ್ತು. ಗಂಡು ಹೆಣ್ಣು ಎರಡೂ ರೆಕ್ಕೆಯಿಂದ ಗಾಳಿ ಹಾಕುತ್ತಾ ಕಾಯುತ್ತಿದ್ದವು. ಆಮೇಲೆ ಎಂತದೋ ಸದ್ದಿಗೆ, ಯಾರದೋ ನೆರಳಿಗೆ ಬೆಚ್ಚಿ, ತಾವೇ ಅಷ್ಟನ್ನೂ ತಿಂದುಬಿಡುತ್ತಿದ್ದವು. ನನ್ನ ಗಂಡ ಮೊಟ್ಟೆಯಿದ್ದ ಪೈಪನ್ನೇ ಎತ್ತಿ, ಬೂಷ್ಟು ಹಿಡಿಯದಂತೆ ನೀಲಿ ಮದ್ದು ಹಾಕಿದ ಬೇರೆ ನೀರಿಗೆ ಇಡುತ್ತಿದ್ದ. ಶಿವಮೊಗ್ಗದವರೂ ಹಾಗೇ ಮಾಡಲು ಹೇಳಿದರು. ಅತ್ತೆಗೆ ಅದು ಸರಿಬರಲಿಲ್ಲ. "ಹೆತ್ತೋಳು ಎದುರಿಗಿರುವಾಗ ಮಕ್ಕಳನ್ನ ಬೇರೆ ಹಾಕದು ಎಂತಕ್ಕೆ? ನೋಡನ, ಕಲೀತಾವೆ" ಎಂದು ತಮ್ಮ ಹಳೆಯ ಸೀರೆಯನ್ನು ಟ್ಯಾಂಕಿಗೆ ಸುತ್ತಿ ಮರೆ ಮಾಡಿದರು.

ಒಂದು ಸಲ ಕಲಿತಂತೆಯೇ ಕಂಡವು. ಮೊಟ್ಟೆಯೊಡೆದು ಮರಿಗಳು ಈಜಲು ತೊಡಗಿದವು. ಧೂಳಿನ ಹಾಗೆ ಒಂದು ಗುಂಪು, ಎರಡು ಕಡೆಗೆ ತಾಯಿ ತಂದೆ. ಅತ್ತೆ ಸೀರೆಯ ಮರೆ ಸರಿಸಿ ನನಗೂ ತೋರಿಸಿದರು. ನೋಡಿದೆ. ಚಂದ ಇತ್ತು. ಚಂದ ಎಂದು ಗೊತ್ತಾಯಿತು, ಅನ್ನಿಸಲಿಲ್ಲ. ಮಾರನೆಯ ಬೆಳಿಗ್ಗೆ ಟ್ಯಾಂಕಿನಲ್ಲಿ ದೊಡ್ಡವೆರಡೇ ಇದ್ದವು.

"ಹೆತ್ತಿದ್ದನ್ನ ನೀನೇ ತಿಂದ್ಯಲ್ಲೇ" ಎಂದರು ಅತ್ತೆ. ಬಹಳ ಹೊತ್ತು ಗಾಜಿಗೆ ಹಣೆ ಹಚ್ಚಿ ನಿಂತರು. ನಾನು ಚೀಲ ತೆಗೆದುಕೊಂಡು ಕೆಲಸಕ್ಕೆ ಹೋದೆ.

ಅದಾಗಿ ಸ್ವಲ್ಪ ದಿನಕ್ಕೆ ಗಂಡನ ವರ್ಷದ ಕಾರ್ಯ ಬಂತು. ಊಟ ಮುಗಿದು ಹೆಂಗಸರು ನಡುಮನೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ನಾನು ಅಡಿಗೆಮನೆಯಲ್ಲಿದ್ದೆ. ನನ್ನ ಗಂಡನ ದೊಡ್ಡಮ್ಮ ದನಿ ಇಳಿಸದೆಯೇ ಹೇಳಿದರು. "ಗಂಡನ್ನ ಒಬ್ಬನ್ನೇ ಬಿಟ್ಟು ತವರಲ್ಲಿ ಹೋಗಿ ಕೂತ್ಲು. ವರ್ಷ ಆತು, ಒಂದು ಹನಿ ಕಣ್ಣೀರು ಹಾಕಿದ್ದು ಯಾರಾದ್ರೂ ಕಂಡೀರಾ? ಗಂಡನ್ನ ತಿಂದ್ಕಂಡ್ಲು, ಅಷ್ಟೆ."

ನಾನು ಪಾತ್ರೆ ಜೋಡಿಸುತ್ತಲೇ ಇದ್ದೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರು ಹೇಳಿದ್ದು ನಿಜವೂ ಇರಬಹುದು ಎಂದಷ್ಟೇ ಅನ್ನಿಸಿತು.

ಶೆಡ್ಡಿನಲ್ಲಿದ್ದ ಅತ್ತೆ ಒಳಬಂದದ್ದು ನನಗೆ ಬಾಗಿಲ ಸಂದಿಯಿಂದ ಕಂಡಿತು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರ ನಡುವೆ ನಿಂತರು.

"ಅಕ್ಕ, ಅವನು ಒಬ್ಬನೇ ಇರ್ಲಿಲ್ಲ. ನಾನಿದ್ದೆ ಮನೇಲಿ. ಹಿಂದಿನ ದಿನ ರಾತ್ರಿ ಎದೆ ಉರೀತದೆ ಅಮ್ಮ ಅಂದ. ಗ್ಯಾಸು ಅಂತ ಹೇಳಿ ಓಮದ ಕಷಾಯ ಕುಡಿಸಿ ಮಲಗಿಸ್ದೆ. ಆಸ್ಪತ್ರೆಗೆ ಕರ್ಕಂಡು ಹೋಗ್ಬೇಕಿತ್ತು, ಹೋಗ್ಲಿಲ್ಲ. ತಿಂದೋಳು ಅಂತ ಯಾರನ್ನಾದ್ರೂ ಅನ್ಬೇಕು ಅಂದ್ರೆ ನನ್ನನ್ನ ಅನ್ನಿ. ಅವಳ ಸುದ್ದಿಗೆ ಬರಬೇಡಿ."

ನಾನು ಗಂಡನನ್ನು ತಿಂದೆನೆಂಬ ಮಾತು ಆಮೇಲೆ ನಮ್ಮ ಮನೆಯ ಅಂಗಳದಲ್ಲಿ ಯಾರಿಂದಲೂ ಬರಲಿಲ್ಲ. ಊರಲ್ಲಿ ಮದುವೆ ಮುಂಜಿಗೆ ನನ್ನನ್ನು ಕರೆದರು, ಮಾತಾಡಿಸಿದರು. ಕರೆಯದೆ ಬಿಟ್ಟದ್ದು ಅತ್ತೆಯನ್ನು. ಎದುರು ಸಿಕ್ಕರೆ, "ಪಾಪ, ತಾಯಿ ಕೈಯಲ್ಲೇ..." ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಅತ್ತೆ ಕೇಳಿಸದವರಂತೆ ನಡೆಯುತ್ತಿದ್ದರು.

ನನಗೂ ಆ ಕಷಾಯದ ಸಂಗತಿ ಹೊಸದು. ಕಾರ್ಯದ ದಿನವೇ ಸಂಜೆ ಶೆಡ್ಡಿಗೆ ಹೋದೆ, ಕೇಳಬೇಕೆಂದೇ ಹೋದೆ. ಏಂಜಲ್ ಮತ್ತೆ ಮೊಟ್ಟೆ ಇಟ್ಟಿತ್ತು. ಅತ್ತೆ ಪೈಪನ್ನು ಕೈಯಲ್ಲಿ ಹಿಡಿದು, "ನೀಲಿ ಮದ್ದು ಎಷ್ಟು ಹನಿ?" ಎಂದರು. ಹೇಳಿದೆ. ಇಬ್ಬರೂ ಕೂತು, ಬೂಷ್ಟು ಹಿಡಿದು ಬೆಳ್ಳಗಾದ ಮೊಟ್ಟೆಗಳನ್ನು ಡ್ರಾಪರಿನಿಂದ ಒಂದೊಂದಾಗಿ ಹೀರಿ ತೆಗೆದೆವು. ಕೇಳಬೇಕೆಂದದ್ದನ್ನು ಕೇಳಲಿಲ್ಲ. ಆ ಸಲ ಮರಿಗಳು ಉಳಿದವು. ಅವನ್ನು ಶಿವಮೊಗ್ಗಕ್ಕೆ ಕಳಿಸುವಾಗ ಪ್ಲಾಸ್ಟಿಕ್ ಚೀಲಕ್ಕೆ ಆಕ್ಸಿಜನ್ ತುಂಬಿ ರಬ್ಬರ್ ಹಾಕಿದ್ದು ನಾನು, ಬಸ್ಸಿಗೆ ಹತ್ತಿಸಿದ್ದು ಅತ್ತೆ.

ಹಾಗೆ ಮೂರು ವರ್ಷ ಕೂಡಿ ದುಡಿದೆವು. ಮಾತಾಡಿದ್ದೆಲ್ಲ ನೀರು, ಹುಳ, ಬಿಸಿ, ತಂಡಿ. ನಾನು ಅವರ ಮೇಲೆ ರೇಗಲಿಲ್ಲ, ಜರಿಯಲಿಲ್ಲ. ಆದರೆ ನನಗೆ ಕೆಮ್ಮು ಬಂದಾಗ ಅವರು ಕಷಾಯ ಮಾಡಿಟ್ಟರೆ ಕುಡಿಯುತ್ತಿರಲಿಲ್ಲ. ಲೋಟ ತಣ್ಣಗಾಗಿ ಅಲ್ಲೇ ಇರುತ್ತಿತ್ತು. ಎರಡು ಸಲ ನೋಡಿದರು. ಆಮೇಲೆ ಮಾಡುವುದನ್ನು ಬಿಟ್ಟರು.

ಹೋದ ಮಳೆಗಾಲದಲ್ಲಿ ಅತ್ತೆಯ ಕಾಲು ಬಾತುಕೊಂಡಿತು. ಕಿಡ್ನಿ ಎಂದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಿ, ನನ್ನನ್ನು ಎರಡು ದಿನಕ್ಕೊಮ್ಮೆ ಮನೆಗೆ ಅಟ್ಟುತ್ತಿದ್ದರು. "ನಂಗೆ ನರ್ಸ್ ಇದ್ದಾರೆ. ಅವಕ್ಕೆ ಯಾರಿದ್ದಾರೆ?" ಹಾಗೆ ನಾನು ಮೀನಿಗೆ ನೀರು ಬದಲಾಯಿಸಲು ಬಂದಿದ್ದ ಒಂದು ಮಧ್ಯಾಹ್ನ ಅತ್ತೆ ತೀರಿಕೊಂಡರು. ಈ ಸಲವೂ ನಾನು ಹತ್ತಿರ ಇರಲಿಲ್ಲ. ಶಿವಮೊಗ್ಗದ ಅಂಗಡಿಯವರು ಮಣ್ಣಿಗೆ ಬಂದರು. ನಾಲ್ಕು ವರ್ಷ ಫೋನಿನಲ್ಲಿ ಮಾತಾಡಿದ ಅಮ್ಮನ ಮುಖವನ್ನು ಅವರು ನೋಡಿದ್ದು ಆವತ್ತೇ ಮೊದಲು.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆಯ ತಂಗಿ ನಾಲ್ಕು ದಿನ ನನ್ನ ಜೊತೆಗೆ ಉಳಿದರು. ಅವರನ್ನು ನಾನು ಚಿಕ್ಕಮ್ಮ ಎನ್ನುತ್ತೇನೆ, ಕಮ್ಮರಡಿಯವರು. ಹೊರಡುವ ಹಿಂದಿನ ದಿನ ಇಬ್ಬರೂ ಕೂತು ಪಾತ್ರೆ ಒರೆಸುತ್ತಿದ್ದೆವು. ಅಕ್ಕನ ವಿಷಯ ಅದೂ ಇದೂ ಹೇಳುತ್ತಾ ಚಿಕ್ಕಮ್ಮ, "ಮಗ ಹೋದ ಹಿಂದಿನ ದಿನ ನಮ್ಮನೆಗೆ ಬಂದಿದ್ಲಲ್ಲ, ಎಷ್ಟು ನಗ್ತಾ ಇದ್ಲು. ಸಂಜೆ ಬಸ್ ತಪ್ಪಿ ಅಲ್ಲೇ ಉಳಿದ್ಲು" ಎಂದರು.

"ಯಾವತ್ತು?" ಎಂದೆ.

"ಅದೇ. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತಿಸಿದ್ದೇ ನಾನು. ಕೊಪ್ಪದಲ್ಲಿ ಇಳಿದು ನೋಡ್ತಾಳೆ, ಜನ ಸೇರಿದ್ದಾರೆ. ನಿಂಗೆ ಗೊತ್ತಿರ್ಲಿಲ್ವಾ?"

"ಮತ್ತೆ ಓಮದ ಕಷಾಯ ಅಂದ್ರಲ್ಲ, ವರ್ಷದ ದಿನ?"

ಚಿಕ್ಕಮ್ಮ ಒರೆಸುವ ಬಟ್ಟೆಯನ್ನು ಮಡಚಿದರು. "ನಾನೂ ಅಲ್ಲೇ ಕೂತಿದ್ದೆ. ಬಾಯಿ ಬಿಡಕ್ಕೆ ಹೋದೆ, ನನ್ನ ಕಡೆ ಒಂದು ನೋಟ ನೋಡಿದ್ಲು, ಸುಮ್ನಾದೆ. ಆಮೇಲೆ ಬೈದೆ, ಇಲ್ಲದ್ದನ್ನ ಯಾಕೆ ತಲೆ ಮೇಲೆ ಹಾಕ್ಕಂಡೆ ಅಂತ. 'ಅವಳು ಈ ಜನರ ಮಧ್ಯೆ ಇನ್ನೂ ಎಷ್ಟೋ ವರ್ಷ ಬದುಕ್ಬೇಕು ಕಣೆ, ನಂಗೆ ಎಂತ' ಅಂದ್ಲು."

ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಚಿಕ್ಕಮ್ಮ ಇನ್ನೂ ಏನೋ ಹೇಳುತ್ತಿದ್ದರು. ಮೂರು ವರ್ಷ, ದಿನಕ್ಕೆರಡು ಹೊತ್ತು, ಅತ್ತೆ ನನ್ನ ಎದುರು ಮಗನನ್ನು ಉಳಿಸಿಕೊಳ್ಳದ ತಾಯಿಯಾಗಿ ಕೂತು ಉಂಡಿದ್ದರು. ಹಾಗಲ್ಲ ಎಂದು ನನಗೊಬ್ಬಳಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾನು ಬಡಿಸಿದ್ದೆ.