ಕಾಟಾದ ಮುಂದೆ ನಿಂತ ವೈನಿ

ನಮ್ಮ ವೈನಿಯ, ಅಂದರೆ ಅತ್ತಿಗೆಯ, ಬಲಗೈ ಹೆಬ್ಬೆರಳ ಮೇಲೆ ಕಡಲೆಕಾಳಿನಷ್ಟು ಸುಟ್ಟ ಕಲೆಯಿತ್ತು. ಬೆಸುಗೆ ಹಾಕುವಾಗ ಆದದ್ದು. ಎಂಬತ್ತರ ದಶಕದ ಕೊನೆಗೆ ಅಣ್ಣನನ್ನು ಮದುವೆಯಾಗಿ ಅಣ್ಣಿಗೇರಿಗೆ ಬಂದಾಗ ಆಕೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ನೋಟುಬುಕ್ಕುಗಳಿದ್ದವು. ಯಾವ ಯಂತ್ರ ಕೆಟ್ಟರೂ ಆಕೆ ಕೇಳುತ್ತಿದ್ದುದು ಒಂದೇ: ಕೆಟ್ಟಾಗ ಬಾಜು ಯಾರಿದ್ದರು, ಏನು ಮಾಡುತ್ತಿದ್ದರು?

ನಮ್ಮೂರ ರೈತರ ಸಂಘ ಆ ವರ್ಷ ಚೀಲ ತೂಗಲು ವಿದ್ಯುತ್ ಕಾಟಾ ತರಿಸಿತು. ಅದನ್ನು ಕಂಪ್ಯೂಟರಿಗೆ ಕೂಡಿಸುವ ಡ್ರೈವರ್ ಎಂಬ ಪ್ರೋಗ್ರಾಮನ್ನು ವೈನಿಯೇ ಬರೆದಳು. ಚೀಲದ ತೂಕ ನಿಂತೊಡನೆ ಕಾಟಾ ಒಂದು ಸನ್ನೆ ಕೊಡುತ್ತಿತ್ತು. ಕಂಪ್ಯೂಟರು ಕೈಯಲ್ಲಿದ್ದ ಕೆಲಸ ಬಿಟ್ಟು ತೂಕ ಬರೆದುಕೊಂಡು ಮತ್ತೆ ಹಳೆಯ ಕೆಲಸಕ್ಕೆ ಮರಳಬೇಕು. ಇಂಟರಪ್ಟ್ ಎಂದರೆ ಇಷ್ಟೆ.

ಸುಗ್ಗಿಯಲ್ಲಿ ಆಗೊಮ್ಮೆ ಈಗೊಮ್ಮೆ ಕಡಲೆ ಚೀಲ ಹತ್ತು ಕಿಲೊ ಕಡಿಮೆ ತೂಗತೊಡಗಿತು. ಅದೂ ಒಬ್ಬನೇ ಹಮಾಲನ ಕೈಯಲ್ಲಿ. ತೂಗುವಾಗ ಮೊಣಕಾಲು ಕೊಟ್ಟು ಚೀಲ ಎತ್ತಿ ಹಿಡಿಯುತ್ತಾನೆಂದು ರೈತರು ದೂರಿದರು. ಸೋಮವಾರದ ಸಭೆಯಲ್ಲಿ ಅವನನ್ನು ತೆಗೆಯುವುದೆಂದು ಸಂಘ ನಿರ್ಧರಿಸಿತು. ಹುಬ್ಬಳ್ಳಿಯ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ನಾನು ಅದನ್ನು ‘ಹಮಾಲನ ಕೈಚಳಕ’ ಎಂದು ಬರೆದೆ.

ವೈನಿ ಎರಡು ದಿನ ಕಾಟಾದ ಬಾಜು ನಿಂತಳು. ಉಳಿದ ಹಮಾಲರು ರೈತ ತೂಕ ಓದಿ ಹೂಂ ಎನ್ನುವವರೆಗೆ ಕಾಯುತ್ತಿದ್ದರು. ಇವನು ಹಳೆಯ ರೂಢಿಯಂತೆ ಒಂದರ ಬದಲು ‘ಲಾಭ’ ಎಂದು ಎಣಿಕೆ ಶುರುಮಾಡಿದನೆಂದರೆ ತಡೆಯಿಲ್ಲ. ಹೊಸ ಚೀಲ ಬೀಳುತ್ತಿದ್ದಂತೆ ಹಳೆಯದನ್ನು ಸೊಂಟದಿಂದ ಆಚೆ ನೂಕುತ್ತಿದ್ದ.

ಸೋಮವಾರ ಎಲ್ಲರೂ ಸೇರಿದಾಗ ವೈನಿ ಎರಡು ಚೀಲಗಳನ್ನು ತೂಕದ ಕಲ್ಲಿನ ಹಳೆಯ ತಕ್ಕಡಿಯಲ್ಲಿ ತೂಗಿಸಿದಳು. ಒಂದು 100.2 ಕಿಲೊ, ಇನ್ನೊಂದು 99.8. ಅವನ್ನೇ ಒಂದರ ಹಿಂದೊಂದು, ತನ್ನ ಎಂದಿನ ವೇಗದಲ್ಲಿ, ಮತ್ತೆ ಮತ್ತೆ ಕಾಟಾದ ಮೇಲೆ ಹಾಕಲು ಹಮಾಲನಿಗೆ ಹೇಳಿದಳು. ಹಿರಿಯ ರೈತರೊಬ್ಬರು ನಕ್ಕರು. “ಅಕ್ಕಾರ, ಇದು ರೊಟ್ಟಿ ಬಡದಂಗಲ್ರಿ.”

“ಹೌದ್ರಿ. ರೊಟ್ಟಿ ಕೆಟ್ರ ನಾ ಒಬ್ಬಾಕಿ ಉಪವಾಸ. ಇದು ಕೆಟ್ರ ಇವನ ಮನಿ ಮಂದೆಲ್ಲಾ ಉಪವಾಸ.”

ಏಳನೆಯ ಸಲ ಪರದೆಯ ಮೇಲೆ 90.2 ಎಂದು ಬಂತು. ಹಮಾಲನ ಮೊಣಕಾಲು ಚೀಲದಿಂದ ಒಂದು ಗೇಣು ದೂರದಲ್ಲಿತ್ತು.

ವೈನಿ ವಿವರಿಸಿದಳು. ಅಂಕಿ ಎರಡು ತುಂಡಾಗಿ ಬರುತ್ತದೆ. ಕೊನೆಯ 0.2 ತೆಗೆದುಕೊಂಡು, ಅದನ್ನು ಪ್ರಿಂಟರಿಗೆ ಅಚ್ಚಿಗೆ ಕಳಿಸುತ್ತ ನಿಂತಾಗಲೇ ಮುಂದಿನ ಚೀಲ ಬಿದ್ದರೆ, ಉಳಿದ ತುಂಡು ಆ ಹೊಸ ಚೀಲದ್ದು ಸಿಗುತ್ತದೆ: ನೂರರ ಬದಲು 99.8ರ ಮೊದಲ ಒಂಬತ್ತು, ಅಂದರೆ ತೊಂಬತ್ತು. ಎರಡೂ ತುಂಡು ತೆಗೆದುಕೊಳ್ಳುವವರೆಗೆ ಬೇರೆ ಸನ್ನೆಗೆ ಬಾಗಿಲು ಹಾಕಬೇಕಿತ್ತು, ಅಚ್ಚಿನ ಕೆಲಸ ಆಮೇಲೆ ಮಾಡಬೇಕಿತ್ತು.

“ಇವನ ಕೈ ಜೋರೈತಿ, ನನ್ನ ಪ್ರೋಗ್ರಾಮ್ ಮಂದೈತಿ,” ಎಂದಳು. “ತಪ್ಪು ನಂದ್ರಿ. ಬರಕೋರ್ರಿ.”

ಸಂಘದ ಕಾರ್ಯದರ್ಶಿ ಠರಾವಿನಲ್ಲಿ ಹಾಗೆಯೇ ಬರೆದರು. ಹಮಾಲ ಉಳಿದ. ಮರುದಿನ ತಿದ್ದಿದ ಪ್ರೋಗ್ರಾಮಿನ ಮೇಲೆ ಅವನು ಬೇಕಂತಲೇ ಇನ್ನೂ ಜೋರಾಗಿ ಚೀಲ ಹಾಕಿದ. ಒಂದಂಕಿಯೂ ತಪ್ಪಲಿಲ್ಲ.

ಮನೆಯಲ್ಲಿ ವೈನಿ ನನ್ನ ಸುದ್ದಿಯಿದ್ದ ಪತ್ರಿಕೆಯನ್ನು ಮುಂದಿಟ್ಟಳು. “ಬರಿಯೂ ಮುಂಚೆ ಅವನ್ನ ಕೇಳಿದ್ದೇನು?”

ಕೇಳಿರಲಿಲ್ಲ. ಸಂಘದವರು ಹೇಳಿದ್ದನ್ನೇ ಬರೆದಿದ್ದೆ. ಅವನನ್ನು ಕಂಡು ಬಂದು ಪತ್ರಿಕೆಗೆ ತಿದ್ದುಪಡಿ ಕಳಿಸಿದೆ; ನನ್ನ ಹೆಸರಿನಲ್ಲಿ ಅಚ್ಚಾದ ಮೊದಲ ತಿದ್ದುಪಡಿ ಅದು.

ವೈನಿ ತೀರಿಕೊಂಡು ಎರಡು ವರ್ಷವಾಯಿತು. ಆ ತಿದ್ದುಪಡಿಯ ನಂತರ, ಆರೋಪ ಹೊತ್ತವರ ಮನೆ ಬಾಗಿಲಿಗೆ ಹೋಗದೆ ನಾನು ಒಂದು ಸಾಲನ್ನೂ ಅಚ್ಚಿಗೆ ಕಳಿಸಿಲ್ಲ. ವರದಿಗಾರಿಕೆ ಯಾರ ಹತ್ತಿರ ಕಲಿತಿರೆಂದು ಕೇಳುವ ಹುಡುಗರಿಗೆ ಹೇಳುತ್ತೇನೆ: ನಮ್ಮ ವೈನಿಯ ಹತ್ತಿರ.