ವರ್ಷಕ್ಕೆ ಹದಿನೇಳು ವರ್ಷ ಬೆಳೆದ ಮರ

ನಮ್ಮ ಕುಮೊನೊಸೆ ಊರಿನ ದೇವಸ್ಥಾನದ ಮೆಟ್ಟಿಲ ಬಳಿಯ ಚೆರಿ ಮರಕ್ಕೆ 1963ರಲ್ಲಿ ಇನ್ನೂರು ವರ್ಷ ವಯಸ್ಸಾಗಿತ್ತು. ಆಗ ನಿಲ್ಲಿಸಿದ ಹಲಗೆಯ ಫಲಕದಲ್ಲಿ ಹಾಗೆಂದು ಬರೆದಿತ್ತು. 1979ರಲ್ಲಿ ಪುರಸಭೆಯ ಹೊಸ ಅಧ್ಯಕ್ಷರು ಹಿತ್ತಾಳೆಯ ಫಲಕ ಹಾಕಿಸಿದಾಗ ಅದಕ್ಕೆ ನಾನೂರು ತುಂಬಿತು. 1998ರಲ್ಲಿ ಅವರ ನಂತರದವರು ಕಲ್ಲಿನಲ್ಲಿ ಕೆತ್ತಿಸಿದಾಗ ಎಂಟುನೂರು. ಮೂವತ್ತೈದು ವರ್ಷಗಳಲ್ಲಿ ಆರುನೂರು ವರ್ಷ ಬೆಳೆದ ಮರ. ಸರಾಸರಿ ವರ್ಷಕ್ಕೆ ಹದಿನೇಳು.

ಈ ಸರಾಸರಿ ತೆಗೆದವರು ಕುಸುಮಿ ಮಿತ್ಸುಯೊ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಮೂವತ್ತಾರು ವರ್ಷ ಸಹಾಯಕಿಯಾಗಿದ್ದವರು. ಪಾಠ ಮಾಡುವ ಹುದ್ದೆ ಅವರದಲ್ಲದಿದ್ದರೂ ಊರಿನ ಅರ್ಧ ಜನ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಮರದ ನಿಜವಾದ ವಯಸ್ಸು ಅವರಿಗೆ ಗೊತ್ತಿತ್ತು. ಅದನ್ನು ನೆಟ್ಟವರು ಅವರ ಅಪ್ಪ.

ಅಪ್ಪ ಕುಸುಮಿ ಸೆಯಿಜಿ ಅಂಚೆಯವರು. 1948ರ ವಸಂತದಲ್ಲಿ ಪೇಟೆಯ ಸಸಿತೋಟದಿಂದ ಸೊಂಟದೆತ್ತರದ ಸಸಿಯೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದರು. ಯುದ್ಧದ ಕಾಲದಲ್ಲಿ ಶಾಲೆಗಳಲ್ಲಿ ದೇಶಕ್ಕಾಗಿ ಚೆರಿಯ ಪಕಳೆಯಂತೆ ಬೀಳಬೇಕು ಎಂದು ಹುಡುಗರಿಗೆ ಕಲಿಸಿದ್ದರು. ಸೆಯಿಜಿಯ ಇಬ್ಬರು ತಮ್ಮಂದಿರು ಕಲಿತಂತೆಯೇ ಬಿದ್ದಿದ್ದರು. ಸಸಿ ಯಾಕೆ ಎಂದು ಕೇಳಿದವರಿಗೆ ಅವರು, "ಬಿದ್ದಿದ್ದು ಸಾಕು, ಇನ್ನು ಸ್ವಲ್ಪ ದಿನ ಅರಳಲಿ" ಎಂದಷ್ಟೇ ಹೇಳಿದರಂತೆ.

ನೆಡುವಾಗ ನೋಡಿದವರು ಬಹಳ ಜನ. ಫಲಕದಲ್ಲಿ ಇನ್ನೂರು ಕಂಡಾಗ ಅವರು ನಕ್ಕು ಸುಮ್ಮನಾದರು. ನಾನೂರಾದಾಗ ನಗುವವರು ಕಡಿಮೆಯಾದರು. ಎಂಟುನೂರರ ಹೊತ್ತಿಗೆ ನಕ್ಕವರಲ್ಲಿ ಹೆಚ್ಚಿನವರು ಅದೇ ದೇವಸ್ಥಾನದ ಹಿಂದಿನ ಸಮಾಧಿಗಳನ್ನು ಸೇರಿದ್ದರು. ಒಬ್ಬ ಅಲೆಮಾರಿ ಭಿಕ್ಷು ಊರಿದ ಕೋಲು ಚಿಗುರಿ ಈ ಮರವಾಯಿತು ಎಂಬ ಕಥೆ ಕಲ್ಲಿನ ಫಲಕದ ಜೊತೆಗೇ ಹುಟ್ಟಿ, ಕಲ್ಲಿಗಿಂತ ಹಳೆಯದಾಯಿತು.

ಮರದ ಜಾತಿ ಸೊಮೆಯಿ ಯೊಶಿನೊ. ಎರಡು ಬಗೆಯ ಚೆರಿ ಬೆರೆತು ಹುಟ್ಟಿದ ಇದನ್ನು ಎದೊ ನಗರದ ಅಂಚಿನ ಸೊಮೆಯಿ ಹಳ್ಳಿಯ ತೋಟಗಾರರು ಮಾರತೊಡಗಿ ಇನ್ನೂರು ವರ್ಷವೂ ಆಗಿಲ್ಲ. ಬೀಜದಿಂದ ಇದು ಇದೇ ಆಗಿ ಬರುವುದಿಲ್ಲ. ದೇಶದಲ್ಲಿರುವ ಪ್ರತಿಯೊಂದು ಮರವೂ ಆ ಒಂದೇ ಮರದ ಕಡ್ಡಿಯಿಂದ ಕಡ್ಡಿಗೆ ಕಸಿಯಾಗಿ ಬಂದದ್ದು. ಅದಕ್ಕೇ ಒಂದು ಊರಿನ ಮರಗಳೆಲ್ಲ ಮಾತಾಡಿಕೊಂಡಂತೆ ಒಂದೇ ವಾರ ಅರಳುತ್ತವೆ. ಬಾಳಿಕೆ ಸಾಮಾನ್ಯವಾಗಿ ಅರವತ್ತು, ಎಂಬತ್ತು ವರ್ಷ. ನಮ್ಮ ಭಿಕ್ಷು ಎಂಟುನೂರು ವರ್ಷದ ಹಿಂದೆ ಇದನ್ನು ನೆಟ್ಟಿದ್ದರೆ, ಆರುನೂರು ವರ್ಷ ತಡವಾಗಿ ಹುಟ್ಟಲಿದ್ದ ತೋಟಗಾರನಿಂದ ಕೋಲು ತಂದಿರಬೇಕು.

ಇದು ಯಾರಿಗೂ ಬೇಕಿರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಊರು ಮರದ ಕೆಳಗೆ ನೀಲಿ ತಾಡಪಾಲು ಹಾಸಿ, ಚಪ್ಪಲಿಗಳನ್ನು ಅಂಚಿನಲ್ಲಿ ಸಾಲಾಗಿ ಬಿಟ್ಟು, ಹೂವಿಗೆ ಬೆನ್ನು ಹಾಕಿ, ಬುತ್ತಿಗೆ ಮುಖ ಮಾಡಿ ಕೂರುತ್ತಿತ್ತು. ಚೆರಿ ಯಾಕೆ ಇಷ್ಟ ಎಂದು ಯಾರನ್ನು ಕೇಳಿದರೂ, ಉಪ್ಪೂರಿದ ಚೆರಿ ಎಲೆ ಸುತ್ತಿದ ಸಿಹಿ ಕಡುಬನ್ನು ಅಗಿಯುತ್ತಾ, ಬಾಳು ಕ್ಷಣಿಕ ಎಂದು ಕಲಿಸುತ್ತದೆ ಎನ್ನುತ್ತಿದ್ದರು. ಹೂವು ವಾರದೊಳಗೆ ಉದುರಬೇಕು. ಮರ ಮಾತ್ರ ಎಂಟುನೂರು ವರ್ಷ ಅಲುಗಾಡಬಾರದು.

2015ರ ಶರತ್ಕಾಲದಲ್ಲಿ ಮಿತ್ಸುಯೊ ಮರದ ಬುಡದಲ್ಲಿ ಅಂಗೈಯಗಲದ ಅಣಬೆ ಕಂಡರು. ಮರದ ಸುತ್ತಿಗೆಯಿಂದ ಕಾಂಡವನ್ನು ಹನ್ನೆರಡು ಕಡೆ ತಟ್ಟಿದರು. ಒಂಬತ್ತು ಕಡೆ ಡೋಲಿನಂತೆ ಟೊಳ್ಳು ಸದ್ದು ಬಂತು. ಅಪ್ಪನ ಮರಕ್ಕೆ ಹೆಚ್ಚು ದಿನವಿಲ್ಲ. ಅದು ಬೀಳುವ ಮುನ್ನ ಕಡ್ಡಿ ತೆಗೆದು ಕಸಿ ಕಟ್ಟಿದರೆ ಮಾತ್ರ ಉಳಿಯುತ್ತದೆ. ಅವರು ಪುರಸಭೆಗೆ ಹೋದರು. ಅಧ್ಯಕ್ಷ ಸೆನುಮ ಒಂದು ಕಾಲದಲ್ಲಿ ಅವರ ಪ್ರಯೋಗಾಲಯದಲ್ಲಿ ಮೂರು ಬೀಕರ್ ಒಡೆದ ಹುಡುಗ.

"ಎಂಟುನೂರು ವರ್ಷ ನಿಂತ ಮರ ಟೀಚರ್," ಎಂದ ಸೆನುಮ. "ನನ್ನ ಕಾಲದಲ್ಲೇ ಬಿದ್ಹೋಗುತ್ತಾ?"

"ಎಂಟುನೂರು ಆಗಿದ್ರೆ ನಾನು ಬರ್ತಾನೇ ಇರ್ಲಿಲ್ಲ ಕಣಪ್ಪ. ಅದಕ್ಕೆ ಅರವತ್ತೇಳು."

ಸೆನುಮ ಎದ್ದು ಬಾಗಿಲು ಮುಚ್ಚಿದ. ಸಂರಕ್ಷಿತ ಮರ, ಒಂದು ಕಡ್ಡಿ ಮುರಿಯಲೂ ನಿಯಮ ಬಿಡುವುದಿಲ್ಲ ಎಂದ. "ಗಾದೆನೇ ಇದೆಯಲ್ಲ ಟೀಚರ್, ಚೆರಿ ಕಡಿಯೋನು ಮೂರ್ಖ ಅಂತ."

"ಪ್ಲಮ್ ಕಡಿಯದೇ ಇರೋನೂ ಮೂರ್ಖ ಅಂತ ಇನ್ನರ್ಧ ಇದೆ. ನೀನು ಪರೀಕ್ಷೇಲೂ ಅರ್ಧ ಉತ್ತರಾನೇ ಬರೀತಿದ್ದೆ."

ಸೆನುಮ ಏಳು ಜನರ ಸಮಿತಿ ರಚಿಸಿದ. ಸಮಿತಿ ನಾಲ್ಕು ಸಲ ಸೇರಿ, ಮರವನ್ನು ಕಾಪಾಡಲೇಬೇಕೆಂದು ನಿರ್ಧರಿಸಿ, ಅದರ ಸುತ್ತ ಕಬ್ಬಿಣದ ಬೇಲಿ ಹಾಕಿಸಿತು. ಕಂಬ ನೆಡುವಾಗ ಅಡ್ಡ ಬಂದ ಬೇರುಗಳನ್ನು ಕತ್ತರಿಸಲಾಯಿತು. ನಿಯಮ ಕಡ್ಡಿಯ ಬಗ್ಗೆ ಇತ್ತು, ಬೇರಿನ ಬಗ್ಗೆ ಇರಲಿಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲರೂ ಓಡಾಡುವ ಹೊತ್ತಿನಲ್ಲಿ, ಎಪ್ಪತ್ತರ ಮಿತ್ಸುಯೊ ಏಣಿ ತಂದು ಬೇಲಿಗೆ ಆನಿಸಿದರು. ಪೆನ್ಸಿಲ್ ದಪ್ಪದ ಹತ್ತು ಕಡ್ಡಿ ಕತ್ತರಿಸಿ, ಗಾಯಗಳಿಗೆ ಮುಲಾಮು ಸವರಿದರು. ನೋಡಿದ ದೇವಸ್ಥಾನದ ಭಟ್ಟರ ಹೆಂಡತಿ ಏನೂ ಕೇಳದೆ ಏಣಿ ಹಿಡಿದುಕೊಂಡರು, ಆಮೇಲೆ ಚಹಾ ಕೊಟ್ಟರು. ಆ ದಿನದ ಟಿಪ್ಪಣಿ ಪುಸ್ತಕದಲ್ಲಿ ಹೀಗಿದೆ: ಕಡ್ಡಿ ಹತ್ತು, ಮೂರ್ಖರು ಇಬ್ಬರು.

ಮಾರ್ಚ್‌ವರೆಗೆ ಕಡ್ಡಿಗಳು ಒದ್ದೆ ಪತ್ರಿಕೆಯಲ್ಲಿ ಸುತ್ತಿಕೊಂಡು ಫ್ರಿಜ್ಜಿನಲ್ಲಿ, ಮೂಲಂಗಿಯ ಪಕ್ಕ ಮಲಗಿದ್ದವು. ಕಾಡು ಚೆರಿಯ ಬುಡಕ್ಕೆ ಕಸಿ ಕಟ್ಟಿದಾಗ ಮೂರು ಹತ್ತಿದವು. ಎರಡನ್ನು ಜಿಂಕೆ ತಿಂದಿತು, ಒಂದು ಹಿತ್ತಲಿನ ಕುಂಡದಲ್ಲಿ ಉಳಿಯಿತು.

2018ರ ಚಂಡಮಾರುತದಲ್ಲಿ ಮರ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ, ಕಲ್ಲಿನ ಫಲಕ ಎರಡು ಹೋಳಾಯಿತು. ಈಗಲಾದರೂ ಉಂಗುರ ಎಣಿಸಬಹುದೆಂದು ಮಿತ್ಸುಯೊ ಭೂತಗನ್ನಡಿ ಹಿಡಿದು ಹೋದರು. ಹೊರಗಿನಿಂದ ನಲವತ್ತೊಂದು ಉಂಗುರ ಸಿಕ್ಕವು. ಒಳಗೆ ಟೊಳ್ಳು. ಸಮಿತಿ ಆ ಟೊಳ್ಳಿನಲ್ಲಿ ಉಳಿದ ಏಳುನೂರ ಐವತ್ತೊಂಬತ್ತು ವರ್ಷಗಳನ್ನು ತುಂಬಿಸಿ ವರದಿ ಬರೆಯಿತು.

ಶಾಲೆಗೆ ಸೇರುವ ಮಕ್ಕಳ ಫೋಟೋಗೆ ಮುಂದಿನ ವಸಂತದಲ್ಲಿ ಹಿನ್ನೆಲೆಯೇ ಇಲ್ಲವೆಂದು ಊರು ಕಂಗೆಟ್ಟಿತು. ಸೆನುಮ ಮಿತ್ಸುಯೊ ಅವರ ಹಿತ್ತಲಿಗೆ ಬಂದು ಕುಂಡದ ಮುಂದೆ ಟೋಪಿ ತೆಗೆದು ನಿಂತ. ಕಡ್ಡಿ ಎಲ್ಲಿಂದ ಬಂತೆಂದು ಕೇಳಲಿಲ್ಲ.

"ಇದು ಅದರ ಮಗೂನಾ ಟೀಚರ್?"

"ಕಸಿ ಅಂದ್ರೆ ಮಗು ಅಲ್ಲ. ಅದೇ ಮರ. ಎಳ್ಳಷ್ಟೂ ಬೇರೆ ಅಲ್ಲ."

ಸೆನುಮ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ. ಪ್ರಯೋಗಾಲಯದಲ್ಲಿ ಅವನು ಎಂದೂ ಬರೆದುಕೊಂಡವನಲ್ಲ. ಮಿತ್ಸುಯೊಗೆ ಆಗಲೇ ಅನುಮಾನ ಬರಬೇಕಿತ್ತು. ಹಳೆಯ ಬುಡದಿಂದ ದೂರ ನೆಡಬೇಕು, ಬೇಲಿ ಹಾಕಬಾರದು ಎಂಬ ಎರಡೇ ಷರತ್ತು ಹಾಕಿ ಸಸಿ ಕೊಟ್ಟರು.

ಮಾರ್ಚ್‌ನಲ್ಲಿ ಎದೆಯೆತ್ತರದ ಸಸಿಯ ಪಕ್ಕದಲ್ಲಿ ಆಳೆತ್ತರದ ಹೊಸ ಫಲಕ ಎದ್ದಿತು: ಎಂಟುನೂರು ವರ್ಷದ ಚೆರಿ.

"ಏನಪ್ಪಾ ಇದು?" ಎಂದರು ಮಿತ್ಸುಯೊ.

"ಅದೇ ಮರ ಅಂತ ನೀವೇ ಹೇಳಿದ್ರಲ್ಲ ಟೀಚರ್."

ಅವರು ಫಲಕವನ್ನು ಬೆರಳಿನಿಂದ ತಟ್ಟಿದರು. "ತರ್ಕ ಸರಿ ಇದೆ. ಮೊದಲನೇ ಸಂಖ್ಯೆ ತಪ್ಪು."

"ಅಡೀಲೂ ಓದಿ. ಈ ಸಲ ಪೂರ್ತಿ ಉತ್ತರ ಬರ್ದಿದ್ದೀನಿ."

ಫಲಕದ ತಳದಲ್ಲಿ ಚಿಕ್ಕ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಇದನ್ನು ಸೈಕಲ್ಲಿನಲ್ಲಿ ತಂದು ನೆಟ್ಟವರು ಅಂಚೆಯ ಕುಸುಮಿ ಸೆಯಿಜಿ, 1948. ಮಿತ್ಸುಯೊ ಕನ್ನಡಕ ಒರೆಸಿಕೊಂಡು ಅದನ್ನು ಇನ್ನೊಮ್ಮೆ ಓದಿದರು. ಎಂಟುನೂರು, 1948 ಎರಡೂ ಒಂದೇ ಹಲಗೆಯ ಮೇಲೆ ಹೇಗಿವೆ ಎಂದು ಓದಿದವರಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಆ ಏಪ್ರಿಲ್‌ನಲ್ಲಿ ಊರು ಸಸಿಯ ಸುತ್ತ ತಾಡಪಾಲು ಹಾಸಿ, ಅದಕ್ಕೆ ಬೆನ್ನು ಹಾಕಿ ಕೂತಿತು. ಮಿತ್ಸುಯೊ ಮಾತ್ರ ಸಸಿಯ ಕಡೆ ತಿರುಗಿ ಕೂತು ಬರೆದುಕೊಂಡರು: ಮರದ ವಯಸ್ಸು ಎಪ್ಪತ್ತೊಂದು, ಹೂವು ಏಳು.