ಮೈಲಮ್ಮ ಹಚ್ಚಿದ ಜಾಜು

ಮೈಲಮ್ಮನನ್ನು ಹುಚ್ಚಿ ಅಂದವರ ಬಾಯಿಗೆ ಮಣ್ಣು ಬೀಳಲಿ! ಹೀಗೆ ಬೈಯುವ ಯೋಗ್ಯತೆ ನನಗಿದೆಯೇ ಎಂದು ಕೇಳಬೇಡಿ, ಅದನ್ನು ಕೊನೆಗೆ ನಾನೇ ಹೇಳುತ್ತೇನೆ. ನಾನು ಹಂಪಣ್ಣ. ನಿಜಾಮರ ಕಾಲದಲ್ಲಿ ಮಕ್ತಲ್ ತಹಸೀಲ್ ಕಚೇರಿಯಲ್ಲಿ ಉರ್ದು ಬರೆಯುತ್ತಿದ್ದ ಗುಮಾಸ್ತ.

ಮೈಲಮ್ಮ ಕುರುಬರ ಹೆಂಗಸು. ಗಂಡ ಸತ್ತ ಮೇಲೆ ಅವನ ಮಂದೆಯನ್ನು ಒಬ್ಬಳೇ ಕಾಯ್ದಳು. ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದಾಗ ಕುರಿಗಳನ್ನು ನಡುಗಡ್ಡೆಗೆ ದಾಟಿಸಿ, ಮಳೆ ಬರುವ ತನಕ ಅಲ್ಲೇ ಇರುತ್ತಿದ್ದಳು. ಅಲ್ಲಿ ಮರಳಿನ ಮೇಲೆ ಬೋರಲು ಮಲಗಿ ಕಣಜ ನೋಡುವುದು ಅವಳ ಚಟ. ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆಯ ಕಣಜ. ತನಗಿಂತ ದಪ್ಪ ಜೇಡವನ್ನು ಕುಟುಕಿ, ಕೊಲ್ಲದೆ ಕೈಕಾಲು ಆಡದಂತೆ ಮಾಡಿ, ಗೂಡಿಗೆ ಒಯ್ದು ಅದರ ಮೇಲೊಂದು ಮೊಟ್ಟೆ ಇಡುತ್ತದೆ. ಹುಟ್ಟುವ ಮರಿಗೆ ಅದೇ ಬುತ್ತಿ.

ನೋಡಲು ಎಲ್ಲವೂ ಒಂದೇ. ಆದರೆ ಮೈಲಮ್ಮ ಕುರಿಯನ್ನೂ ಬಣ್ಣದಿಂದ ಗುರುತಿಸಿದವಳಲ್ಲ, ನಡಿಗೆಯಿಂದ ಗುರುತಿಸುತ್ತಿದ್ದಳು. "ಇವು ಎರಡು ಜಾತಿ ಅದಾವ. ಒಂದು ಜೇಡನ್ನ ಹಿಂದಕ್ಕ ಹಿಂದಕ್ಕ ಎಳಕೊಂಡು ಬಿಲಕ್ಕ ಹೋಗ್ತೈತಿ. ಇನ್ನೊಂದು ಮೊದಲು ಕಾಲು ಕಡಿದು ಹಾಕಿ, ಎತ್ಕೊಂಡು ಹೋಗಿ ಮಣ್ಣಿನ ಗಡಿಗ್ಯಾಗ ಇಡತೈತಿ" ಎನ್ನುತ್ತಿದ್ದಳು. ಎರಡು ಮಂದೆ ಕಲೆತರೆ ಕುರುಬರು ಒಂದು ಮಂದೆಗೆ ಜಾಜು, ಅಂದರೆ ಕೆಂಪು ಮಣ್ಣು ಹಚ್ಚುತ್ತಾರಲ್ಲ, ಇವಳೂ ಹಾಗೇ ಮಾಡಿದಳು. ಬಿಲ ತೋಡುವುದರಲ್ಲಿ ಮೈಮರೆತ ಕಣಜದ ಬೆನ್ನಿಗೆ ಹುಲ್ಲುಕಡ್ಡಿಯಿಂದ ಜಾಜಿನ ಬೊಟ್ಟು ಇಡುತ್ತಿದ್ದಳು.

ಅದು ಅವಳ ಮೈದುನ ಆಶಪ್ಪನ ಕಣ್ಣಿಗೆ ಬಿತ್ತು. ಮಂದೆಯ ಮೇಲೆ ಮೊದಲಿನಿಂದಲೂ ಕಣ್ಣಿಟ್ಟಿದ್ದವನಿಗೆ ಇಷ್ಟು ಸಾಕಾಯಿತು. "ಹುಳಕ್ಕ ಜಾಜು ಹಚ್ಚಾಕಿ ಕುರಿ ಏನ್ ಕಾಯ್ತಾಳ್ರೀ? ತಲಿ ಕೆಟ್ಟೈತಿ" ಎಂದು ಕುಲದ ಹಿರಿಯರ ಮುಂದೆ ಕೂತ. ಮಂದೆ ಯಾರಿಗೆಂದು ಬೀರಪ್ಪನ ಗುಡಿಯಲ್ಲಿ ತೀರ್ಮಾನ ಆಗಬೇಕಿತ್ತು.

ಅಷ್ಟರಲ್ಲಿ ಹೈದರಾಬಾದಿನಿಂದ ಹುಳ ಹಿಡಿದು ಪುಸ್ತಕ ಬರೆಯುವ ಸಾಹೇಬ ನಡುಗಡ್ಡೆಗೆ ಬಂದ. ಬಲೆ, ಶೀಷೆ, ಸೂಜಿ ಎಲ್ಲ ತಂದಿದ್ದ. ಅವನಿಗೆ ಕನ್ನಡ ಬಾರದು, ದುಭಾಷಿಯಾಗಿ ನನ್ನನ್ನು ಕಳಿಸಿದರು. ಮೈಲಮ್ಮನ ಮುಖ ಅರಳಿತು. "ಹಂಪಣ್ಣಾರ, ಸರಕಾರದ ಸಾಹೇಬ್ರು ಎರಡು ಜಾತಿ ಹೌದು ಅಂದ್ರ ಸಾಕ್ರಿ. ನನ್ನ ಕುರಿ ನನಗ ಉಳಿತಾವ" ಎಂದಳು. ಜಾಜಿನ ಚಿಪ್ಪನ್ನೂ ಬೊಟ್ಟಿಟ್ಟ ಕಣಜವನ್ನೂ ಅಂದು ಬೆಳಿಗ್ಗೆಯೇ ನನಗೆ ತೋರಿಸಿದ್ದಳು.

ಸಾಹೇಬ ಎರಡೂ ಬಗೆಯನ್ನು ಹಿಡಿದ, ರೆಕ್ಕೆ ನೋಡಿದ, ಒಂದೇ ಜಾತಿ ಎಂದು ಒಂದೇ ಶೀಷೆಗೆ ತುಂಬಿದ. ಅವು ಕೆಲಸ ಮಾಡುವುದನ್ನು ಒಂದು ಗಳಿಗೆ ಕೂತು ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನಾನು ಅವಳ ಮಾತನ್ನು ಉರ್ದುವಿನಲ್ಲಿ ಹೇಳಿದೆ. "ಕುರಿ ಕಾಯುವವಳು ನನಗೆ ಪಾಠ ಹೇಳಬೇಕಾ?" ಎಂದು ನಕ್ಕ. ದಡದಲ್ಲಿ ಕೂತಿದ್ದ ಆಶಪ್ಪನೂ ನಕ್ಕ.

ಸಂಜೆ ಸಾಹೇಬನ ಬಲೆಗೆ ಬೊಟ್ಟಿನ ಕಣಜ ಬಿತ್ತು. ಬೆನ್ನ ಮೇಲೆ ಕೆಂಪು ಚುಕ್ಕೆ! ಯಾರೂ ಕಾಣದ ಹೊಸ ಜಾತಿ ಸಿಕ್ಕಿತೆಂದು ಮರಳಿನಲ್ಲಿ ಕುಣಿದಾಡಿದ. ತನ್ನದೇ ಹೆಸರಿಡುತ್ತೇನೆ ಎಂದ. ನನ್ನ ಹೆಗಲ ಮೇಲೆ ಕೈ ಹಾಕಿ, "ಪೇಶ್ಕಾರ್ ಕೆಲಸಕ್ಕೆ ನಿನ್ನ ಸಿಫಾರಸು ಮಾಡುತ್ತೇನೆ" ಎಂದ.

ಮೈಲಮ್ಮ ಓಡಿ ಬಂದಳು. "ಅಯ್ಯ, ಅದು ನಾ ಹಚ್ಚಿದ ಜಾಜು ಐತ್ರೀ! ಹೇಳ್ರಿ ಅವರಿಗೆ!"

"ಏನಂತಾಳೆ?" ಎಂದು ಸಾಹೇಬ ಕೇಳಿದ.

ನನ್ನ ನಾಲಿಗೆ ಸೀಳಿಹೋಗಬೇಕಿತ್ತು ಆಗ. "ಹುಜೂರರಿಗೆ ಮುಬಾರಕ್ ಅಂತಾಳೆ" ಎಂದೆ.

ಸಾಹೇಬ ಖುಷಿಯಿಂದ ಅವಳಿಗೆ ತಲೆಯಾಡಿಸಿದ. ತನ್ನ ಮಾತು ಮುಟ್ಟಿತೆಂದು ಅವಳು ಕೈಮುಗಿದಳು.

ಬೀರಪ್ಪನ ಗುಡಿಯಲ್ಲಿ ಆಶಪ್ಪ, "ಸಾಹೇಬ್ರೇ ನಕ್ಕಾರ, ಹಂಪಣ್ಣಾರನ್ನ ಕೇಳ್ರಿ" ಎಂದ. ಹಿರಿಯರು ನನ್ನನ್ನು ಕೇಳಿದರು. ನಕ್ಕದ್ದು ನಿಜ ಎಂದೆ, ಅಷ್ಟೇ ಹೇಳಿದೆ. ಮಂದೆ ಆಶಪ್ಪನ ಹಟ್ಟಿಗೆ ಹೋಯಿತು. ಮೈಲಮ್ಮ ನಾರಾಯಣಪೇಟೆಗೆ ಹೋಗಿ ನೇಕಾರರ ಮನೆಯಲ್ಲಿ ನೂಲು ಸುತ್ತಿ ಹೊಟ್ಟೆ ಹೊರೆದಳು. ನಾನು ಗುಮಾಸ್ತಿಕೆಯಿಂದ ಮೇಲೇರಿ ಪೇಶ್ಕಾರನಾದೆ.

ಎರಡು ವರ್ಷಕ್ಕೆ ಸಾಹೇಬನ ಪುಸ್ತಕ ಕಚೇರಿಗೆ ಬಂತು. ಅದ್ಹೇಗೋ ಸುದ್ದಿ ತಿಳಿದು ಮೈಲಮ್ಮ ನಡೆದುಕೊಂಡೇ ಬಂದಳು. ಅವಳ ಎರಡು ಜಾತಿ ಅದರಲ್ಲಿ ಒಂದೇ ಆಗಿತ್ತು. ಜಾಜಿನ ಬೊಟ್ಟಿನದು ಬೇರೆ ಜಾತಿಯಾಗಿ, ಸಾಹೇಬನ ಹೆಸರು ಹೊತ್ತು, ಬಣ್ಣದ ಚಿತ್ರವಾಗಿ ಕೂತಿತ್ತು. ಅವಳಿಗೆ ಓದು ಬಾರದು, ಆದರೆ ತನ್ನ ಬೊಟ್ಟು ಗೊತ್ತಿತ್ತು.

"ಅವತ್ತ ನೀವು ಹೇಳಿದ್ರಲ್ಲಾ?" ಎಂದು ನನ್ನ ಮುಖ ನೋಡಿದಳು.

ನಾನು ಪುಸ್ತಕ ಮುಚ್ಚಲು ಹೋದೆ. ಅವಳಿಗೆ ಎಲ್ಲ ತಿಳಿಯಿತು. ಹೆಬ್ಬೆರಳಿಗೆ ಉಗುಳು ಹಚ್ಚಿ ಚಿತ್ರದ ಚುಕ್ಕೆಯನ್ನು ತಿಕ್ಕಿದಳು, ಮತ್ತೆ ತಿಕ್ಕಿದಳು. ಅದು ಅಳಿಸಲಿಲ್ಲ.

"ನಾ ಹಚ್ಚಿದ ಜಾಜು ಒಂದು ಮಳಿಗೆ ಹೋಗ್ತಿತ್ತು, ಪೇಶ್ಕಾರ್ ಸಾಹೇಬ್ರ" ಎಂದಳು. "ನೀವು ಹಚ್ಚಿದ್ದು ಹೋಗಾಂಗಿಲ್ಲ."